ಅಲೆಯ ಹಲ್ಲಿಗೆ ಸಿಗದ ಕಲ್ಲು

ಲೋಕ ಆಗಿನ್ನೂ ಹೊಸದು. ಕಲ್ಲುಗಳು ಕೂಡ ಗಟ್ಟಿಯಾಗಿರಲಿಲ್ಲ ಮಗಳೇ. ಒತ್ತಿದರೆ ಬೆರಳಚ್ಚು ಮೂಡುತ್ತಿತ್ತು, ಕಲಸಿಟ್ಟ ರಾಗಿಹಿಟ್ಟಿನ ಹಾಗೆ.

ಕಡಲ ದಂಡೆಯಲ್ಲಿ ಅಂಥದೇ ಒಂದು ಮೆತ್ತನೆಯ ಗುಡ್ಡ. ಅದರ ಗವಿಯಲ್ಲಿ ಪುಟ್ಟೀರಮ್ಮ ಎಂಬಾಕೆ ತನ್ನ ಮಗಳು ಚೆನ್ನಾಜಿಯ ಬಾಣಂತನ ಮಾಡುತ್ತಿದ್ದಳು. ಕೂಸು ಹುಟ್ಟಿ ಮೂರೇ ದಿನ. ಚೆನ್ನಾಜಿಗೆ ಎದ್ದು ನಿಲ್ಲಲೂ ತ್ರಾಣವಿರಲಿಲ್ಲ.

ಹೊರಗೆ ಗಾಳಿ ಎದ್ದಿತು. ಒಂದು ಅಲೆ ಬಂದು ಗುಡ್ಡವನ್ನು ಒಂದು ತುತ್ತು ಕಚ್ಚಿತು. ಇನ್ನೊಂದು ಅಲೆ, ಇನ್ನೊಂದು ತುತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಗವಿಯ ಬಾಯಿಗೇ ಬಂತು.

ಪುಟ್ಟೀರಮ್ಮ ಮೊಣಕಾಲುದ್ದ ನೀರಿಗಿಳಿದು ಕೂಗಿದಳು: "ಕಡಲಪ್ಪಾ, ನಿಲ್ಲಪ್ಪಾ! ಒಳಗೆ ಹಸಿ ಬಾಣಂತಿ ಇದ್ದಾಳೆ. ಎಲ್ಲಿಗೆ ಹೊತ್ತುಕೊಂಡು ಹೋಗಲಿ?"

"ನಾನೇನು ಮಾಡಲಿ ತಾಯಿ?" ಎಂದ ಕಡಲಪ್ಪ. "ಗಾಳಿ ಬೆನ್ನ ಮೇಲೆ ಕೂತು ನೂಕ್ತಿದೆ. ನಿಲ್ಲೋದು ನನ್ನ ಕೈಲಿಲ್ಲ."

ಈ ಮಾತು ಕಡಲೊಳಗಿನ ಪುಟಾಣಿ ಜೀವಿಗಳಿಗೆ ಕೇಳಿಸಿತು. ಸಾಸಿವೆ ಕಾಳಿಗಿಂತ ಸಣ್ಣವು ಅವು. ಮೈಮೇಲೆ ಗಾಜಿನ ಅಂಗಿ.

"ಕಡಲಪ್ಪಾ, ನಮ್ಮ ಅಂಗಿ ಬಿಚ್ಚಿಕೊಡ್ತೀವಿ. ಅಲೆಯ ಕೈಲಿ ಆ ತಾಯಿಗೆ ಕಳಿಸು. ಗುಡ್ಡಕ್ಕೆ ಮೆತ್ತಲಿ."

"ಅಯ್ಯೋ, ಅಂಗಿಯಿಲ್ಲದಿದ್ದರೆ ನಿಮ್ಮನ್ನು ಮೀನುಗಳು ನುಂಗುತ್ತವಲ್ಲ!"

"ಕೆಸರಲ್ಲಿ ಅಡಗಿ ಕೂರ್ತೀವಿ. ಅಂಗಿ ಮತ್ತೆ ಬೆಳೆಯುತ್ತೆ. ಆ ಕೂಸು ಮತ್ತೆ ಹುಟ್ಟುತ್ತಾ?"

ಒಂದು ಅಂಗಿ, ಹತ್ತು ಅಂಗಿ, ಕೋಟಿ ಅಂಗಿ! ಅಲೆ ತರುವುದು, ಪುಟ್ಟೀರಮ್ಮ ಅಂಗೈಯಿಂದ ಒತ್ತಿ ಒತ್ತಿ ಮೆತ್ತುವುದು. ಪದರದ ಮೇಲೆ ಪದರ. ಸೂಜಿಮೊನೆ ತೂರುವಷ್ಟೂ ಸಂದು ಬಿಡಲಿಲ್ಲ. ಅಂಗೈ ಕೊಯ್ದು ಉರಿಯುತ್ತಿದ್ದರೂ ಅವಳು ನಿಲ್ಲಿಸಲಿಲ್ಲ.

ಆಗ ಎಲ್ಲಕ್ಕಿಂತ ದೊಡ್ಡ ಅಲೆ ಬಂತು. ಬಾಯಿ ಅಗಲಿಸಿ ಕಚ್ಚಿತು.

ಖಟ್!

ಹಲ್ಲು ಊರಲಿಲ್ಲ. ಅಲೆ ನೊರೆಯಾಗಿ ಚೆದುರಿ ಹಿಂದೆ ಸರಿಯಿತು. ನೂಕಿ ನೂಕಿ ಸುಸ್ತಾದ ಗಾಳಿಯೂ ಮಲಗಿತು.

"ಅಬ್ಬಾ!" ಎಂದು ಮೊದಲು ಉಸಿರು ಬಿಟ್ಟವನು ಕಡಲಪ್ಪನೇ. "ನನ್ನ ಎದೆಭಾರ ಇಳೀತು ತಾಯಿ."

ಪುಟ್ಟೀರಮ್ಮ ಕುಸಿದು ಕೂತು ಅತ್ತಳು, ಆಮೇಲೆ ನಕ್ಕಳು. ಒಳಗಿಂದ ಚೆನ್ನಾಜಿ ಕರೆದಳು: "ಅವ್ವಾ, ಕೂಸು ಹಾಲು ಕುಡೀತಿದೆ. ನೀನೂ ಬಾ, ಒಂದಿಷ್ಟು ಒರಗು."

ಎಷ್ಟೋ ಕಾಲದ ಮೇಲೆ ಕಡಲು ದೂರ ಸರಿದುಹೋಯಿತು, ಗುಡ್ಡ ಇಲ್ಲೇ ಉಳಿಯಿತು. ಪುಟ್ಟೀರಮ್ಮ ಮೆತ್ತಿದ ಗಾಜಿನ ಅಂಗಿಯ ಪದರಗಳೇ ಗಟ್ಟಿಯಾಗಿ ಚಕಮಕಿ ಕಲ್ಲಾದವು. ಅದಕ್ಕೇ ಮಗಳೇ, ಮಳೆಗೆ ಸುತ್ತಲಿನ ಮಣ್ಣೆಲ್ಲ ಕೊಚ್ಚಿಹೋದರೂ ನಮ್ಮ ಬೋಳುಗುಡ್ಡದ ಚಕಮಕಿ ಕಲ್ಲಿನ ಪಟ್ಟೆಗಳು ಮಾತ್ರ ಸವೆಯದೆ ಎದ್ದು ನಿಂತಿವೆ, ಅವುಗಳ ನೆರಳಿನಲ್ಲಿ ಕುರಿಮರಿಗಳು ಇವತ್ತಿಗೂ ನಿಶ್ಚಿಂತೆಯಿಂದ ಮಲಗುತ್ತವೆ.