ತಿರುಪು ಸರಳಿನ ಉದ್ದ

ಸಣ್ಣ ಟ್ರ್ಯಾಕ್ಟರಿನ ಹಿಂದೆ ಗದ್ದೆ ಮಟ್ಟ ಮಾಡುವ ಬ್ಲೇಡನ್ನು ಹೊತ್ತ ಬಲತೋಳನ್ನು ವರ್ಷಗಟ್ಟಲೆ ಏರಿಳಿಸಿದ್ದ ತಿರುಪು ಸರಳನ್ನು ಚೆನ್ನವೀರಮ್ಮ ಬಿಚ್ಚಿ ಗುಜರಿ ಚೀಲದ ಮೇಲಿಟ್ಟಳು. ಅದರ ಜಾಗದಲ್ಲಿ ಎಣ್ಣೆಯ ಒತ್ತಡದಿಂದ ಉದ್ದಗಿಡ್ಡವಾಗುವ ಹೈಡ್ರಾಲಿಕ್ ಸಿಲಿಂಡರ್ ಕೂತಿತು. ಇನ್ನು ಕೈ ನೋಯುವಂತೆ ತಿರುಗಿಸಬೇಕಿಲ್ಲ. ಲಿವರ್ ಒತ್ತಿದರೆ ಬ್ಲೇಡು ಬೇಕಾದತ್ತ ವಾಲುತ್ತಿತ್ತು.

ಆದರೆ ಮಟ್ಟ ಮಾಡಿದ ಗದ್ದೆಗೆ ನೀರು ಬಿಟ್ಟಾಗ ನೀರೆಲ್ಲ ಒಂದೇ ಮೂಲೆ ಸೇರಿತು.

"ಅಜ್ಜ, ವಾಲುವುದು ನನಗೆ ಬರುತ್ತದೆ. ಎಲ್ಲಿ ನಿಂತರೆ ಮಟ್ಟ ಅನ್ನುವುದು ಗೊತ್ತಾಗುತ್ತಿಲ್ಲ," ಎಂದಿತು ಸಿಲಿಂಡರ್.

"ಗುಜರಿಗೆ ಹೋಗುವವನನ್ನು ಕೇಳುತ್ತೀಯಾ?" ಎಂದು ಸರಳು ಮುಖ ತಿರುಗಿಸಿತು.

ಅಷ್ಟರಲ್ಲಿ ಚೆನ್ನವೀರಮ್ಮ ಬಂದು ಸರಳನ್ನೆತ್ತಿ, ಮಣ್ಣು ಒರೆಸಿ, ಸಿಲಿಂಡರಿನ ಪಕ್ಕಕ್ಕೆ ಹಿಡಿದು, ಎರಡರ ಉದ್ದವೂ ಸಮನಾಗುವವರೆಗೆ ಲಿವರ್ ಒತ್ತಿದಳು.

ಸರಳಿನ ಸಿಟ್ಟು ಇಳಿಯಿತು.

"ಮೊದಲು ನನ್ನಷ್ಟುದ್ದಕ್ಕೆ ನಿಲ್ಲು, ಮಗು. ಬ್ಲೇಡು ಮಟ್ಟವಾಗುವುದು ಅಲ್ಲೇ. ಆಮೇಲೆ ಯಾವ ಕಡೆಗಾದರೂ ವಾಲು."