ಕಟ್ಟಳೆಯಾಟಕ್ಕೆ ಐದನೆಯವರು

"ಗುರುಗಳೇ, ಮಠಕ್ಕೆ ಬಂದ ಹೊಸಬರು ನಾಲ್ಕೇ ದಿನಕ್ಕೆ ಗಂಟುಮೂಟೆ ಕಟ್ಟಿ ಹೊರಡುತ್ತಿದ್ದಾರೆ. ಇಲ್ಲಿನ ನಿಯಮಗಳನ್ನು ಇನ್ನೂ ಬಿಡಿಸಿ ಹೇಳಲೇ, ಇಲ್ಲ ಮೊಟಕು ಮಾಡಲೇ?" ಎಂದು ಶಿಷ್ಯ ಕೇಳಿದ. ಹೊಸಬರ ಹೊಣೆ ಆ ವರ್ಷ ಅವನದಾಗಿತ್ತು.

ಗುರುಗಳು ಹೇಳತೊಡಗಿದರು.

ಒಂದು ಊರಿನ ಚಾವಡಿಯಲ್ಲಿ ಮೂರು ತಲೆಮಾರಿನಿಂದ ಒಂದು ಆಟ ನಡೆಯುತ್ತಿತ್ತು. ಸರದಿ ಬಂದವನು ಒಂದು ಹೊಸ ಕಟ್ಟಳೆ ಹೇಳಬೇಕು. ಹೆಚ್ಚು ಜನ ಒಪ್ಪಿದರೆ ಅದು ಪುಸ್ತಕಕ್ಕೆ ಏರುತ್ತದೆ, ಹೇಳಿದವನಿಗೆ ಹತ್ತು ಕವಡೆ. ನೂರು ಕವಡೆ ಆದವನು ಗೆದ್ದಂತೆ. ಆದರೆ ಯಾರಿಗಾದರೂ ತೊಂಬತ್ತು ಆಯಿತೆಂದರೆ ಉಳಿದವರು ಒಂದಾಗಿ ನೂರನ್ನು ಇನ್ನೂರು ಮಾಡುತ್ತಿದ್ದರು. ಹಾಗಾಗಿ ಅದುವರೆಗೆ ಯಾರೂ ಗೆದ್ದಿರಲಿಲ್ಲ.

ಪುಸ್ತಕ ಒಬ್ಬ ಕಂಚುಗಾರನ ವಶದಲ್ಲಿತ್ತು. ಮೊದಲ ಕಟ್ಟಳೆ ಬರೆದವನು ಅವನ ಅಜ್ಜ. ಈಗ ಅವು ಆರುನೂರಾಗಿದ್ದವು. ಮಾತಾಡುವ ಮುಂಚೆ ಎಡಗಿವಿ ಮುಟ್ಟಿಕೊಳ್ಳಬೇಕು ಎಂಬುದೊಂದು. ನೆಗಡಿಯಾದವರಿಗೆ ಅದರಿಂದ ವಿನಾಯಿತಿ ಎಂಬುದು ಇನ್ನೊಂದು. ನೆಗಡಿ ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಬೇರೆ ಏಳು ಕಟ್ಟಳೆಗಳಿದ್ದವು.

ಆಡುತ್ತಿದ್ದವರು ಐವರು. ಅವರಲ್ಲೊಬ್ಬ ಮುದುಕ ತೀರಿಕೊಂಡ. ಐವರಿಲ್ಲದೆ ಮೂರು ಹುಣ್ಣಿಮೆ ಕಳೆದರೆ ಆಟ ಮುಗಿಸಿ ಪುಸ್ತಕವನ್ನು ಕೆರೆಗೆ ಬಿಡಬೇಕು ಎಂದೂ ಒಂದು ಕಟ್ಟಳೆಯಿತ್ತು. ಕಂಚುಗಾರನಿಗೆ ಅನ್ನ ಸೇರದಾಯಿತು.

ಅವನು ಒಬ್ಬ ವ್ಯಾಪಾರಿಯನ್ನು ಒಪ್ಪಿಸಿ ಕರೆತಂದ. ಹೊಸಬನಿಗೆ ಏನೂ ತಪ್ಪಿಹೋಗಬಾರದೆಂದು ಪುಸ್ತಕವನ್ನು ಮೊದಲ ಪುಟದಿಂದ ಓದಿ ವಿವರಿಸಿದ. ಅರ್ಧ ಪುಸ್ತಕ ಮುಗಿಯುವವರೆಗೆ, ಒಂಬತ್ತು ದಿನ, ವ್ಯಾಪಾರಿ ತಲೆದೂಗಿದ. ಹತ್ತನೆಯ ದಿನ ಕಂಚುಗಾರ ಕರೆಯಲು ಹೋದರೆ, ಯಜಮಾನರು ಹೆಂಡತಿಯ ತವರಿಗೆ ಹೋಗಿದ್ದಾರೆ ಎಂದು ಹೆಂಡತಿಯೇ ಬಾಗಿಲಲ್ಲಿ ನಿಂತು ಹೇಳಿದಳು.

ಹಾಗಾದರೆ ಪುಸ್ತಕವನ್ನೇ ಚಿಕ್ಕದು ಮಾಡೋಣ ಎಂದು ನಾಲ್ವರೂ ಕೂತರು. ಬೇಡದ್ದನ್ನು ಹೊಡೆದುಹಾಕಲು ಎಲ್ಲರೂ ಸಿದ್ಧರಿದ್ದರು. ತನ್ನದನ್ನು ಹೊಡೆಯಲು ಮಾತ್ರ ಯಾರೂ ಬಿಡಲಿಲ್ಲ. ಕೊನೆಗೆ ಪುಸ್ತಕವನ್ನು ಓದುವ ಬಗೆ ಹೇಗೆ ಎಂದು ನಲವತ್ತು ಪುಟ ಬರೆದು ಅದಕ್ಕೇ ಸೇರಿಸಿ ಹೊಲಿದರು.

ಮೂರನೆಯ ಹುಣ್ಣಿಮೆಗೆ ಎರಡು ದಿನ ಉಳಿದಿತ್ತು. ಬಳೆ ಮಾರುವ ಹೆಂಗಸೊಬ್ಬಳು ಚಾವಡಿಗೆ ಬಂದು, ಹೆಗಲ ಮೇಲಿನ ಬಳೆಯ ಮಲಾರ ಇಳಿಸಿ, ದಣಿವಾರಿಸಿಕೊಳ್ಳಲು ಸತ್ತ ಮುದುಕನ ಜಾಗದಲ್ಲಿ ಕೂತಳು. ಇದೇನು ಆಟ ಅಣ್ಣ ಎಂದು ಕೇಳಿದಳು. ಕಂಚುಗಾರನಿಗೆ ಓದಿ ಹೇಳುವಷ್ಟು ಗಂಟಲು ಉಳಿದಿರಲಿಲ್ಲ.

"ಸರದಿ ಬಂದಾಗ ಒಂದು ಕಟ್ಟಳೆ ಹೇಳಬೇಕಮ್ಮ. ನಾವು ಒಪ್ಪಿದರೆ ನಡೆಯುತ್ತದೆ. ಅಷ್ಟೆ," ಎಂದ. ಅಷ್ಟೆ ಎಂದು ತನ್ನ ಬಾಯಿಂದಲೇ ಕೇಳಿ ಅವನಿಗೆ ನಾಚಿಕೆಯಾಯಿತು.

ಅವಳು ಹೇಳಲು ಬಾಯಿ ತೆರೆದಳು. ಕಿವಿ ಮುಟ್ಟಲಿಲ್ಲ ಎಂದು ಒಬ್ಬ ತಡೆದ. ಮಂಗಳವಾರ ಮುಟ್ಟಬೇಕಿಲ್ಲ ಎಂದ ಇನ್ನೊಬ್ಬ. ಮುಟ್ಟಬೇಕಾದದ್ದು ಬಲಗಿವಿ ಎಂದ ಮೂರನೆಯವನು. ಜಗಳ ಏರಿತು. ಕಂಚುಗಾರ ಪುಸ್ತಕ ತೆರೆದ. ಹುಡುಕುತ್ತ ಹುಡುಕುತ್ತ ಅವನ ಮುಖ ಸಣ್ಣಗಾಯಿತು. ಕೊನೆಯ ಪುಟಗಳಲ್ಲೊಂದರಲ್ಲಿ ಕಿವಿಯನ್ನು ತೆಗೆದು ಮೊಣಕಾಲು ಎಂದು ತಿದ್ದಿ ಇಪ್ಪತ್ತು ವರ್ಷವಾಗಿತ್ತು. ತಿದ್ದಿದ ಅಕ್ಷರ ಅವನದೇ.

ಜಗಳದ ನಡುವೆಯೂ ಅಭ್ಯಾಸಬಲದಿಂದ ಕಿವಿ ಹಿಡಿದಿದ್ದ ನಾಲ್ವರೂ ಮೆಲ್ಲನೆ ಕೈ ಇಳಿಸಿದರು. ಬಳೆಗಾರ್ತಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಮೊಣಕಾಲು ಮುಟ್ಟಿಕೊಂಡು, "ತಪ್ಪಿದವರಿಗೆ ಆಗ ತಪ್ಪಿದ್ದೊಂದನ್ನೇ ಹೇಳಿಕೊಡಬೇಕು, ಪುಸ್ತಕ ತೆಗೆಯಬಾರದು," ಎಂದಳು.

ಯಾರೂ ಬೇಡವೆನ್ನಲಿಲ್ಲ. ಹತ್ತು ಕವಡೆ ಎಣಿಸಿಕೊಂಡು ಅವಳು ಮತ್ತೆ ಯಾವಾಗ ಸರದಿ ಎಂದು ಕೇಳಿದಳು. ಹುಣ್ಣಿಮೆಗೆ ಬಂದಳು, ಆಮೇಲಿನ ವಾರ ನಾದಿನಿಯನ್ನೂ ಕರೆತಂದಳು. ಎರಡು ವರ್ಷದಲ್ಲಿ ಚಾವಡಿಯಲ್ಲಿ ಕೂರಲು ಜಾಗ ಸಾಲದಾಯಿತು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ, ಹೊಸಬರು ಬಂದ ದಿನ ಏನಾದರೂ ಹೇಳಲೇಬೇಕಲ್ಲ, ಗುರುಗಳೇ?"

"ನೀನು ಬಂದ ದಿನ ನಾನು, ಊಟವಾಯಿತೇನಪ್ಪ ಎಂದು ಕೇಳಿದ್ದೆ," ಎಂದರು ಗುರುಗಳು.

ಶಿಷ್ಯ ಎದ್ದು ಹೊಸಬರ ಊಟ ವಿಚಾರಿಸಲು ಹೋದ.