ಗಾಡಿಗೆ ಅಡ್ಡ ಮಲಗಿದವಳು

ಹೊಳೆದಂಡೆಯ ಮಠದಿಂದ ಸೋಮವಾರಕ್ಕೊಮ್ಮೆ ಕಸದ ಗಾಡಿ ಕೆಳಗಿನ ಊರಿನ ಗುಂಡಿಗೆ ಹೋಗುತ್ತಿತ್ತು. ಆ ಸೋಮವಾರ ಹೋಗಲಿಲ್ಲ. ಹೊನ್ನವ್ವ ಎಂಬ ಮುದುಕಿ ಚಕ್ರದ ಮುಂದೆ ಮಲಗಿಬಿಟ್ಟಳು.

“ನನ್ನ ಎಮ್ಮಿ ಸತ್ತೈತಿ. ಹೊಟ್ಟಿ ಕೊಯ್ಸಿದ್ರ ಬುಟ್ಟಿ ತುಂಬ ನಿಮ್ಮ ಮಠದ ಪ್ಲಾಸ್ಟಿಕ್ ಚೀಲ. ಇನ್ನೊಂದು ಉಳದೈತಿ. ಗಾಡಿ ಹೋಗೂದಾದ್ರ ನನ್ನ ಮ್ಯಾಲ ಹೋಗ್ಲಿ.”

“ಏಳಬೇ, ಎತ್ತು ಬೆದರ್ತಾವು,” ಎಂದ ಗಾಡಿ ಹೊಡೆಯುತ್ತಿದ್ದ ಶಿಷ್ಯ ಕೂಡಲಯ್ಯ.

“ಬೆದರ್ಲಿ.”

ಮಠದ ಗುರು ಬಂದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಎತ್ತಿನ ಹಗ್ಗ ಹಿಡಿದು ಗಾಡಿ ತಿರುಗಿಸಿದರು.

“ಎಲ್ಲಿ ಸುರುವಲಿ, ಅಜ್ಜಾರ?”

“ನಿನ್ನ ಕೋಣ್ಯಾಗ.”

ಕೂಡಲಯ್ಯ ನಕ್ಕ. ಅಜ್ಜಾರು ನಗಲಿಲ್ಲ.

“ಬರೂ ಸೋಮವಾರ ಒಂದು ಚೀಲಕ್ಕಿಂತ ಹೆಚ್ಚು ಉಳದಿದ್ರ ಗಂಟು ಕಟ್ಟು.”

ಹನ್ನೊಂದು ವರ್ಷದಿಂದ ಅವನಿಗೆ ಮಠವೇ ಮನೆ. ಬೇರೆ ಇರಲಿಲ್ಲ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೋಣೆಯ ಕಸ ಬೇರ್ಪಡಿಸಲು ಕೂತ. ಊಟದ ಎಲೆ ಗೊಬ್ಬರದ ಗುಂಡಿಗೆ, ಸಿಪ್ಪೆ ದನಕ್ಕೆ, ತೆಂಗಿನ ಚಿಪ್ಪು ಒಲೆಗೆ, ಡಬ್ಬಿ ತೊಳೆದು ಅಡುಗೆಮನೆಗೆ. ಶನಿವಾರ ಸಂಜೆಗೆ ಒಂದೇ ಚೀಲ ಉಳಿಯಿತು. ಅದರ ಪಕ್ಕದಲ್ಲೇ ನೆಮ್ಮದಿಯಾಗಿ ಮಲಗಿದ.

ಭಾನುವಾರ ಭಕ್ತರು ಬಂದರು. ಭಕ್ತರು ತಂದದ್ದನ್ನು ಬೇಡ ಅನ್ನುವ ಪದ್ಧತಿ ಆ ಮಠದಲ್ಲಿ ಇರಲಿಲ್ಲ. ಹಣ್ಣು, ಸಕ್ಕರೆ, ಊದಿನಕಡ್ಡಿ, ಎಲ್ಲವೂ ಪ್ಲಾಸ್ಟಿಕ್ಕಿನಲ್ಲಿ. ಎಂದಿನಂತೆ ಬಾಗಿಲಲ್ಲಿ ನಿಂತು, ಕೈಮುಗಿದು, ಅವನೇ ಎಲ್ಲವನ್ನೂ ತೆಗೆದುಕೊಂಡ.

ಸೋಮವಾರ ಬೆಳಿಗ್ಗೆ ಕೋಣೆಯಲ್ಲಿ ನಾಲ್ಕು ಚೀಲ.

“ನಾ ಏನ್ ಮಾಡ್ಲಿ, ಅಜ್ಜಾರ? ಹಿತ್ತಲದಾಗ ಖಾಲಿ ಮಾಡ್ತೀನಿ, ಮುಂದಿನ ಬಾಗಿಲದಾಗ ತಂದು ತುಂಬ್ತಾರ.”

“ಮುಂದಿನ ಬಾಗಿಲದಾಗ ಯಾರು ನಿಂತಿದ್ರು?”

ಕೂಡಲಯ್ಯ ತಲೆ ತಗ್ಗಿಸಿದ. “ನಾನ.”

ಅಜ್ಜಾರು ಬಾಗಿಲ ಕಡೆ ಕೈ ತೋರಿಸಿದರು.

ಅವನು ಗಂಟು ಹೆಗಲಿಗೇರಿಸಿ ಹೊರಟ. ಹೊರಗೆ ಹೊನ್ನವ್ವ ಗಾಡಿ ಕಾಯುತ್ತ ದಾರಿಯ ನಡುವೆ ಕೂತಿದ್ದಳು. ಅವಳ ಪಕ್ಕದಿಂದ ಸುತ್ತಿಕೊಂಡು ಮುರಿಗೆಪ್ಪ ಬಂದ. ಜವಳಿ ವ್ಯಾಪಾರಿ, ಮಠದ ಊಟದ ಮನೆಗೆ ಹೆಂಚು ಹೊದಿಸಿದವನು. ಎರಡೂ ಕೈಯಲ್ಲಿ ಪ್ಲಾಸ್ಟಿಕ್ ಚೀಲ.

“ಹಿಡಿಯೋ ಕೂಡಲ್ಯಾ, ಕೈ ಸೋತಾವು.”

ಅಭ್ಯಾಸದ ಕೈ ಮುಂದೆ ಹೋಯಿತು. ಹೊನ್ನವ್ವ ಆ ಕೈಯನ್ನೇ ನೋಡುತ್ತಿದ್ದಳು.

ಕೂಡಲಯ್ಯ ಗಂಟು ಕೆಳಗಿಟ್ಟ. ಪಂಚೆಯ ಸೆರಗು ಒಡ್ಡಿ ಹಣ್ಣು ಸುರಿದುಕೊಂಡ. ಖಾಲಿ ಚೀಲ ಮಡಚಿ ಮುರಿಗೆಪ್ಪನ ಮುಂದೆ ಚಾಚಿದ.

“ಹಣ್ಣು ಮಠಕ್ಕ. ಇದು ನಿಮಗ, ಧಣಿ.”

“ಮಠಕ್ಕ ಕೊಟ್ಟದ್ದು ನನಗ ವಾಪಸ್ ಕೊಡ್ತೀಯೇನಲೇ? ತಲಿ ಮ್ಯಾಲಿನ ಹೆಂಚು ಯಾರ್ದು ಗೊತ್ತೈತಿಲ್ಲೋ?”

“ಗೊತ್ತೈತ್ರಿ.” ಅವನು ಚಾಚಿದ ಕೈ ಹಿಂದೆ ಬರಲಿಲ್ಲ.

ಮುರಿಗೆಪ್ಪ ಚೀಲ ಕಿತ್ತುಕೊಂಡು, ಒಳಗೂ ಬಾರದೆ ಹೊರಟುಹೋದ.

ಹಿಂದಿನಿಂದ ಬಂದ ಅಜ್ಜಾರು ನೆಲದ ಮೇಲಿದ್ದ ಗಂಟು ಎತ್ತಿಕೊಂಡು ಒಳಗೆ ನಡೆದರು.

“ಅಜ್ಜಾರ, ಅವರು ಸಿಟ್ಟಾಗಿ ಹೋದ್ರು.”

“ಸಿಟ್ಟಾದ್ರೂ ನಡಕೊಂಡು ಹೋದ. ಆಕಿ ಸಿಟ್ಟಾಗಿ ಚಕ್ರದ ಮುಂದ ಮಲಗಿದ್ಲು.”